ಮಾಷ್ಟ್ರಲ್ಲಿ ಕೇಳಿ: ದೋಣಿಯ ಎಲೆ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಓಣಂ ರಜೆಗೆ ಬಂದವಳು, ಭವಿಷ್ಯ ಹೇಳಲು ಬಳಸುವ, ಇಸ್ಪೀಟಿನಂಥ ಟ್ಯಾರೋ ಚಿತ್ರದ ಎಲೆಗಳ ಒಂದು ಕಟ್ಟನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಒಟ್ಟು 78 ಎಲೆ. ಭವಿಷ್ಯ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಮಧ್ಯಾಹ್ನ ಅಡಕೆ ಸುಲಿದು ಎದ್ದ ಮೇಲೆ ಅದನ್ನು ಬಿಡಿಸಿ ಚಿತ್ರ ನೋಡುತ್ತ ಕೂರುವುದು ಅಭ್ಯಾಸವೇ ಆಗಿದೆ. ಸಾವಿನ ಎಲೆ ನೋಡಿದರೆ ನನಗೆ ಏನೂ ಅನಿಸುವುದಿಲ್ಲ. ಆರು ಕತ್ತಿಗಳ ಎಲೆಯಲ್ಲಿ ಒಂದು ದೋಣಿ ಇದೆ, ಅದನ್ನು ನೋಡಿದರೆ ಮಾತ್ರ ಗಂಟಲು ಕಟ್ಟುತ್ತದೆ. ಇವು ನಿಜಕ್ಕೂ ಒಳ್ಳೆಯ ಚಿತ್ರಗಳಾ? ಅಥವಾ ನನಗೇ ಏನಾದರೂ ಆಗಿದೆಯಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ನಿಮಗೇನೂ ಆಗಿಲ್ಲ. ಆಗಿದೆ ಅಂತಾದರೆ ನನಗೂ ಆಗಿದೆ.

ಇದೇ ಕಟ್ಟು ನನ್ನಲ್ಲೂ ಇದೆ. ಗಲ್ಫಿನಿಂದ ಬಂದ ಹಳೆಯ ಶಿಷ್ಯನೊಬ್ಬ, ಡ್ರಾಯಿಂಗ್ ಮಾಷ್ಟ್ರಿಗೆ ಚಿತ್ರ ಅಂದರೆ ಇಷ್ಟ ಅಂತ ತಂದುಕೊಟ್ಟದ್ದು. ಮೊದಲ ಸಲ ನೋಡಿದಾಗ ನನಗೆ ಹಿಡಿಸಲೇ ಇಲ್ಲ. ಮೂವತ್ತೊಂದು ವರ್ಷ ಮಕ್ಕಳ ತಲೆಗೆ ನೆರಳು ಬೆಳಕು ತುಂಬಿಸಿದವನು ನಾನು. ಇಲ್ಲಿ ಕಪ್ಪು ಗೆರೆ, ಗೆರೆಯ ಒಳಗೆ ಚಪ್ಪಟೆ ಬಣ್ಣ, ನೆರಳಿಗೆ ಅಂತ ನಾಲ್ಕು ಗೀರು. ಆಕಾಶಕ್ಕೆ ಅಲ್ಲಲ್ಲಿ ಅರಸಿನ ಬಳಿದ ಹಾಗೆ ಹಳದಿ. ಇಸ್ಪೀಟು ಎಲೆಗೆ ಇಷ್ಟು ಸಾಕು ಅಂತ ಕಪಾಟಿನೊಳಗೆ ಹಾಕಿದೆ.

ಅದನ್ನು ಮತ್ತೆ ಹೊರಗೆ ತೆಗೆಯುವ ಹಾಗೆ ಮಾಡಿದ್ದು, ಬರೆದವಳ ಕತೆ. ಪಮೇಲಾ ಕೋಲ್ಮನ್ ಸ್ಮಿತ್ ಅಂತ ಅವಳ ಹೆಸರು. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು, ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದವಳು, ಅಲ್ಲಿನ ಅಜ್ಜಿಕತೆಗಳನ್ನು ಲಂಡನ್ನಿನ ಮನೆಗಳಲ್ಲಿ ಕೂತು ಹೇಳುತ್ತಿದ್ದವಳು. ಆರ್ಥರ್ ಎಡ್ವರ್ಡ್ ವೇಟ್ ಎಂಬವನು ಹೇಳಿ ಬರೆಸಿದ ಈ ಎಲೆಗಳು 1909ರಲ್ಲಿ ರೈಡರ್ ಎಂಬ ಪ್ರಕಾಶಕರಿಂದ ಹೊರಬಂದವು. ಆ ವರ್ಷವೇ ಅವಳು ನ್ಯೂಯಾರ್ಕಿನ ಸ್ಟೀಗ್ಲಿಟ್ಸ್ ಎಂಬ ಫೋಟೋಗ್ರಾಫರನಿಗೆ ಕಾಗದ ಬರೆದಳು. ಫೋಟೋಗಳಿಗಾಗಿಯೇ ತೆರೆದ ತನ್ನ ಗ್ಯಾಲರಿಯಲ್ಲಿ 1907ರಲ್ಲಿ ಅವಳ ಚಿತ್ರಗಳನ್ನು ಪ್ರದರ್ಶಿಸಿದ್ದವನು ಅವನು. ದೊಡ್ಡದೊಂದು ಕೆಲಸ ಮುಗಿಸಿದೆ, ಸಿಕ್ಕಿದ್ದು ತೀರಾ ಕಡಿಮೆ ದುಡ್ಡು – ಕಾಗದದಲ್ಲಿ ಇದ್ದ ಮಾತು ಹೆಚ್ಚುಕಡಿಮೆ ಇಷ್ಟು. ಎಲೆಗಳಿಗೆ ‘ರೈಡರ್ ವೇಟ್’ ಅಂತಲೇ ಹೆಸರು ಬಿತ್ತು. ಅಚ್ಚು ಹಾಕಿಸಿದವನ ಹೆಸರು, ಹೇಳಿ ಬರೆಸಿದವನ ಹೆಸರು.

ಇದನ್ನು ಓದಿದ ರಾತ್ರಿ ನಾನು ಕಪಾಟು ತೆರೆದೆ. ಕನ್ನಡ, ಮಲಯಾಳ ಎರಡೂ ಬರೆಯಲು ಬರುವ ಕಾರಣ ನಮ್ಮ ಕಡೆ ಬೋರ್ಡಿನ ಕೆಲಸಕ್ಕೆ ನನಗೆ ಎಂದೂ ಬರ ಇರಲಿಲ್ಲ. ಒಂದು ಸಲ ಒಂದು ಊರಿನ ಉತ್ಸವಕ್ಕೆ ಹನ್ನೊಂದು ದಿನ ಕೂತು ನಾಟಕದ ಪರದೆ ಬರೆದುಕೊಟ್ಟಿದ್ದೆ. ಕೊನೆಯ ದಿನ ಮೈಕಿನವರಿಗೆ ಧನ್ಯವಾದ ಬಂತು, ಪೆಂಡಾಲಿನವರಿಗೆ ಬಂತು, ನೀರು ಕೊಟ್ಟ ಬಾವಿಯವರಿಗೂ ಬಂತು. ಹೋಗಲಿ, ಅದು ಹಳೆಯ ಕತೆ. ಆದರೆ ಆ ಹೆಂಗಸು ನನ್ನಷ್ಟು ಪೆದ್ದಿ ಅಲ್ಲ. ನಿಮ್ಮ ಎಲೆಗಳ ಕೆಳಗಿನ ಮೂಲೆಗಳನ್ನು ಕನ್ನಡಕ ಹಾಕಿಕೊಂಡು ನೋಡಿ. ಕೇರೆ ಹಾವಿನ ಮರಿ ಸುರುಳಿ ಸುತ್ತಿದ ಹಾಗೆ ಒಂದು ಗುರುತು ಕಾಣುತ್ತದೆ. ಅವಳ ಹೆಸರಿನ ಮೂರು ಅಕ್ಷರ ಒಂದರೊಳಗೊಂದು ಹೆಣೆದುಕೊಂಡಿದ್ದು. ಹೆಸರು ಕಟ್ಟಿನ ಮೇಲೆ ಬರಲಿಕ್ಕಿಲ್ಲ ಅಂತ ಗೊತ್ತಿತ್ತೋ ಏನೋ, ಚಿತ್ರದೊಳಗೇ ನೆಟ್ಟು ಹೋಗಿದ್ದಾಳೆ.

ಒಳ್ಳೆಯ ಚಿತ್ರಗಳಾ ಅಂತ ಕೇಳಿದ್ದೀರಿ. ಚೌಕಟ್ಟು ಹಾಕಿ ಗೋಡೆಗೆ ತೂಗುವ ಚಿತ್ರಗಳಲ್ಲ. ಇವು ಆಟದ ಚಿತ್ರಗಳು. ಇಸ್ಪೀಟಿನ ಆಟ ಅಲ್ಲ, ರಾತ್ರಿ ಬಯಲಲ್ಲಿ ಕೂತು ನೋಡುವ ಯಕ್ಷಗಾನದ ಆಟ. ಅವಳು ಲಂಡನ್ನಿನ ಲೈಸಿಯಂ ನಾಟಕ ತಂಡದ ಜೊತೆ ಊರೂರು ತಿರುಗಿದವಳು, ವೇಷಭೂಷಣ, ರಂಗಸಜ್ಜಿಕೆಯ ಕೆಲಸ ಮಾಡಿದವಳು, ರಟ್ಟಿನ ಪುಟ್ಟ ರಂಗಸ್ಥಳ ಕಟ್ಟಿ ಆಡಿಸುತ್ತಿದ್ದವಳು. ಎರಡು ಕತ್ತಿಗಳ ಎಲೆ ತೆಗೆಯಿರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎದೆಯ ಮೇಲೆ ಎರಡು ಕತ್ತಿ ಅಡ್ಡ ಹಿಡಿದು ಒಬ್ಬಳು ಕೂತಿದ್ದಾಳೆ. ಕಾಲಡಿಯ ನೆಲ ಸಪಾಟು, ಹಲಗೆ ಹಾಸಿದ ಹಾಗೆ. ಹಿಂದೆ ಕಾಣುವ ಕಡಲು ಬರೇ ಪರದೆ. ಪಾರ್ತಿಸುಬ್ಬನ ಕುಂಬಳೆ ನಿಮ್ಮಲ್ಲಿಂದ ಎಷ್ಟು ದೂರ? ರಾತ್ರಿಯಿಡೀ ಆಟ ನೋಡಿ ಬೆಳೆದವರಿಗೆ ಈ ಚಿತ್ರ ಓದಲು ಕಲಿಸಬೇಕಾಗಿಲ್ಲ. ವೇಷದ ಬಣ್ಣ ನೋಡಿಯೇ ಪಾತ್ರ ಯಾವುದೆಂದು ಹೇಳುವವರು ನಾವು.

ಇವಳ ಮೊದಲು ಸಾಮಾನ್ಯವಾಗಿ ದೊಡ್ಡ ಎಲೆಗಳು ಇಪ್ಪತ್ತೆರಡರಲ್ಲೇ ಮನುಷ್ಯರ ದೃಶ್ಯ ಇರುತ್ತಿತ್ತು. ಉಳಿದ ಎಲೆಗಳಲ್ಲಿ ರಾಜ, ರಾಣಿ, ಕುದುರೆ ಸವಾರ, ಗುಲಾಮರನ್ನು ಬಿಟ್ಟರೆ ಐದು ಬಟ್ಟಲು ಎಂದರೆ ಬರೇ ಐದು ಬಟ್ಟಲು, ನಮ್ಮ ಆಟೀನ್ ಐದರ ಹಾಗೆ. ಇವಳು ಅಲ್ಲಿಗೆ ಒಬ್ಬನನ್ನು ಕರಿ ಕಂಬಳಿ ಹೊದೆಸಿ ತಂದು ನಿಲ್ಲಿಸಿದಳು. ಮುಂದೆ ಮೂರು ಬಟ್ಟಲು ಚೆಲ್ಲಿದೆ, ಹಿಂದೆ ಎರಡು ಹಾಗೇ ಇದೆ, ಅವನು ತಲೆ ಎತ್ತುವುದಿಲ್ಲ. (ಇಟಲಿಯಲ್ಲಿ ಹದಿನೈದನೇ ಶತಮಾನದ ಒಂದು ಕಟ್ಟಿನಲ್ಲಿ ಹೀಗೆ ಸಣ್ಣ ಎಲೆಗಳಿಗೂ ದೃಶ್ಯ ಇತ್ತು. ಹೃದಯಕ್ಕೆ ಚುಚ್ಚಿದ ಮೂರು ಕತ್ತಿ ಅಲ್ಲಿಯೂ ಇದೆ. ಅದು ಬೇರೆ ಲೆಕ್ಕ.)

ಎಲ್ಲವೂ ನನಗೆ ಇಷ್ಟ ಅಂತಲ್ಲ. ನಾಲ್ಕು ಎಕ್ಕಗಳಲ್ಲಿ ಮೋಡದಿಂದ ಒಂದು ಕೈ ಹೊರಗೆ ಬರುತ್ತದಲ್ಲ, ಅದನ್ನು ನೋಡಿದರೆ ನನಗೆ ರೇಶನ್ ಅಂಗಡಿಯ ಕಿಟಕಿ ನೆನಪಾಗುತ್ತದೆ. ಸಾವಿನ ಎಲೆಗೆ ನೀವು ಹೆದರದಿದ್ದುದು ನನಗೆ ಆಶ್ಚರ್ಯವಲ್ಲ. ಬಿಳಿ ಕುದುರೆ, ಕವಚ ತೊಟ್ಟ ಎಲುಬಿನ ಗೂಡು, ಕೆಳಗೆ ಬಿದ್ದ ರಾಜ, ಕೈ ಜೋಡಿಸಿದ ಪಾದ್ರಿ. ಗುಳಿಗನ ಕೋಲ ನೋಡಿ ಬೆಳೆದವರಿಗೆ ಇದು ಯಾವ ಲೆಕ್ಕ? ಆ ಎಲೆಯಲ್ಲಿರುವ ಮಗು ಕೂಡ ಮುಖವೆತ್ತಿ ನೋಡುತ್ತಲೇ ಇದೆ.

ಇನ್ನು ನಿಮ್ಮ ದೋಣಿ. ಒಬ್ಬ ನಿಂತು ಗಳು ಊರುತ್ತಿದ್ದಾನೆ. ಮುಸುಕು ಹೊದ್ದ ಹೆಂಗಸು ಬಾಗಿ ಕೂತಿದ್ದಾಳೆ, ಪಕ್ಕದಲ್ಲಿ ಮಗು. ಮುಂದೆ ಆರು ಕತ್ತಿ ನೆಟ್ಟಿದೆ. ದೋಣಿಯ ಒಂದು ಬದಿ ನೀರಿನಲ್ಲಿ ತೆರೆ, ಇನ್ನೊಂದು ಬದಿ ಶಾಂತ. ಎಲ್ಲರೂ ನಮಗೆ ಬೆನ್ನು ಹಾಕಿದ್ದಾರೆ, ಆ ಹೆಂಗಸಿನ ಮುಖ ಹೇಗಿದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ.

ನನಗೆ ಆರು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಕಡವು ದಾಟಿ ತವರಿಗೆ ಹೋದಳು. ಅಪ್ಪನ ಅಮ್ಮ ಕಡವಿನ ತನಕ ಬಂದಿದ್ದರು. ಎಷ್ಟೋ ವರ್ಷ ಈ ಎಲೆ ನೋಡುವಾಗ ಆ ಮಗು ನಾನೇ ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾದದ್ದು ಮೊಮ್ಮಗಳಿಗೆ ಎಲೆ ತೋರಿಸುವಾಗ. ‘ಅಜ್ಜಾ, ಇವರನ್ನೆಲ್ಲ ನೋಡುತ್ತಿರುವವರು ಎಲ್ಲಿ ನಿಂತಿದ್ದಾರೆ?’ ಅಂತ ಕೇಳಿದಳು. ದಡದಲ್ಲಿ. ಚಿತ್ರ ಬರೆದವಳು ನಮ್ಮನ್ನು ದೋಣಿಗೆ ಹತ್ತಿಸಲೇ ಇಲ್ಲ, ದಡದಲ್ಲಿ ನಿಲ್ಲಿಸಿದ್ದಾಳೆ. ಅಜ್ಜಿ ಅವತ್ತು ಕಂಡದ್ದು ಇದನ್ನೇ: ಮೂರು ಬೆನ್ನು. ನಾನು ತಿರುಗಿ ನೋಡಿದ್ದೆನೋ ಇಲ್ಲವೋ ನೆನಪಿಲ್ಲ. ಎಲೆಯ ಮಗುವಂತೂ ನೋಡುವುದಿಲ್ಲ.

ಮಗಳು ಹೊರಟ ರಾತ್ರಿ ನೀವು ಬಸ್ಸಿನವರೆಗೆ ಹೋಗಿದ್ದಿರಾ ಅಕ್ಕಾ?

ಆ ಪಮೇಲಾ 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಕಡಲ ಕರೆಯ ಊರಿನಲ್ಲಿ ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡಳು. ಸಾಲಕ್ಕಾಗಿ ಮನೆಯ ಸಾಮಾನು ಹರಾಜಾಯಿತು. ಈಗ ಅವಳ ಹೆಸರನ್ನೂ ಸೇರಿಸಿ ‘ರೈಡರ್ ವೇಟ್ ಸ್ಮಿತ್’ ಅನ್ನುವವರಿದ್ದಾರೆ. ನಾನು ಸ್ಮಿತ್ ಕಟ್ಟು ಅಂತಲೇ ಹೇಳುವುದು.

ಪ್ರಶ್ನೆ: ಟ್ಯಾರೋ ಎಲೆ ಮನೆಯಲ್ಲಿಟ್ಟರೆ ದೋಷ ಉಂಟೇ? ಪ್ರಶ್ನೆ ಇಡಿಸಿ ನೋಡಬೇಕೇ?
– ಇನ್ನೊಬ್ಬ ಓದುಗರು, ಉಪ್ಪಳ

ಉತ್ತರ: ಹದಿನೈದನೇ ಶತಮಾನದಲ್ಲಿ ಉತ್ತರ ಇಟಲಿಯವರು ಇದನ್ನು ಮಾಡಿದ್ದೇ ಆಡಲಿಕ್ಕೆ. ಭವಿಷ್ಯ ಹೇಳುವ ವ್ಯಾಪಾರ ಜೋರಾದದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಮನೆಯಲ್ಲಿ ಇಸ್ಪೀಟು ಇದ್ದರೆ ಎಷ್ಟು ದೋಷವೋ ಇದಕ್ಕೂ ಅಷ್ಟೇ. ಜೋಯಿಸರಿಗೆ ಕೊಡುವ ದುಡ್ಡಿಗೆ ಮುಚ್ಚಳ ಗಟ್ಟಿ ಇರುವ ಒಂದು ತಗಡಿನ ಡಬ್ಬಿ ತನ್ನಿ. ನಮ್ಮ ಆಟಿ ತಿಂಗಳ ತೇವಕ್ಕೆ ಎಲೆಗೆ ಎಲೆ ಅಂಟಿ ಬೂಷ್ಟು ಹಿಡಿಯುತ್ತದೆ. ನನ್ನ ಕಟ್ಟಿನ ಚಂದ್ರನ ಎಲೆ ಹಾಗೆಯೇ ಹಾಳಾದದ್ದು.