ದೂರುಪತ್ರದಲ್ಲಿ ಸಹೋದ್ಯೋಗಿಯನ್ನು ‘ಕಿಡಿಗೇಡಿ’ ಎನ್ನಬಹುದೇ, ‘ತಂಟೆಕೋರ’ ಎಂದರೆ ಸರಿಯೇ?

ಎರಡನ್ನೂ ಬರೆಯಬೇಡಿ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕುತ್ತಾ, ಎಲ್ಲರ ಕೆಲಸಕ್ಕೂ ಅಡ್ಡಗಾಲಾಗುವ ವ್ಯಕ್ತಿಗೆ ತಕ್ಕ ಪದವನ್ನು ನೀವು ಹುಡುಕುತ್ತಿದ್ದೀರಿ. ನಾನೂ ಹೀಗೆಯೇ ಹುಡುಕಿದ್ದೆ. ತಕ್ಕದ್ದೆಂದು ಆರಿಸಿಕೊಂಡ ಪದವೇ ನನ್ನ ದೂರನ್ನು ಮುಗಿಸಿಬಿಟ್ಟಿತು.

ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಒಬ್ಬರು ಇತರರು ಸಿದ್ಧಪಡಿಸಿದ ವರದಿಗಳನ್ನು ಹೇಳದೆ ಕೇಳದೆ ತಿದ್ದಿ ಮೇಲಕ್ಕೆ ಕಳುಹಿಸುತ್ತಿದ್ದರು, ತಪ್ಪು ಹೊರಬಿದ್ದಾಗ ಮೂಲ ಬರೆದವರ ಕಡೆಗೆ ಬೆರಳು ತೋರಿಸುತ್ತಿದ್ದರು. ತಿದ್ದಿದ ಪ್ರತಿ, ತಿದ್ದದ ಪ್ರತಿ ಎರಡೂ ನನ್ನ ಬಳಿ ಇದ್ದವು. ಅವನ್ನು ಲಗತ್ತಿಸಿ, ನಡೆದದ್ದನ್ನೆಲ್ಲ ಕ್ರಮವಾಗಿ ವಿವರಿಸಿ, ಕೊನೆಯಲ್ಲಿ ಅವರ ಹೆಸರನ್ನು ಬರೆದು ‘ಇಂಥ ಕಿಡಿಗೇಡಿಗಳಿಗೆ ಕಡಿವಾಣ ಹಾಕಬೇಕು’ ಎಂದು ಸೇರಿಸಿದೆ. ಅವರು ಕೊಟ್ಟ ಉತ್ತರದಲ್ಲಿ ವರದಿಗಳ ಪ್ರಸ್ತಾಪವೇ ಇರಲಿಲ್ಲ; ಇದ್ದದ್ದು ಆ ಒಂದು ಪದದ ಮೇಲಿನ ಆಕ್ಷೇಪ ಮಾತ್ರ. ವಿಚಾರಣೆಯೂ ಅದರ ಸುತ್ತಲೇ ನಡೆಯಿತು. ನಾನು ಲಿಖಿತ ಕ್ಷಮೆ ಕೇಳಬೇಕಾಯಿತು, ವರದಿಗಳ ಹೊಣೆ ನನ್ನ ಕೈತಪ್ಪಿತು, ಲಗತ್ತಿಸಿದ ಪ್ರತಿಗಳನ್ನು ಯಾರೂ ತೆರೆದು ನೋಡಲಿಲ್ಲ.

ತಪ್ಪಿದ್ದದ್ದು ಎಲ್ಲಿ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ‘ಸ್ವಲ್ಪ ಖಾರವಾದ ಪದ ಬಳಸಿದೆ’ ಎಂದು ನಾನು ಬಹುಕಾಲ ಅಂದುಕೊಂಡಿದ್ದೆ, ಅದು ಸರಿಯಲ್ಲ. ಪತ್ರಿಕೆಗಳಲ್ಲಿ ಈ ಪದ ಎಲ್ಲಿ ಬರುತ್ತದೆಂದು ಗಮನಿಸಿ: ಕಿಡಿಗೇಡಿಗಳು ಬಸ್ಸಿಗೆ ಕಲ್ಲು ತೂರಿದರು, ಬಣವೆಗೆ ಬೆಂಕಿ ಇಟ್ಟರು, ಪ್ರತಿಮೆಗೆ ಹಾನಿ ಮಾಡಿದರು. ಮಾಡಿದವರು ಯಾರೆಂದು ತಿಳಿಯದಿರುವಾಗ ಬರುವ ಪದ ಅದು, ‘ದುಷ್ಕರ್ಮಿ’ಯೂ ಹಾಗೆಯೇ. ವ್ಯಕ್ತಿ ಸಿಕ್ಕಿಬಿದ್ದು ಹೆಸರು ಹೊರಬಂದ ಕೂಡಲೇ ಅದೇ ವರದಿಗಾರರು ‘ಆರೋಪಿ’ ಎನ್ನುತ್ತಾರೆ, ನ್ಯಾಯಾಲಯ ತೀರ್ಪು ಕೊಟ್ಟ ಮೇಲಷ್ಟೇ ‘ಅಪರಾಧಿ’ ಎನ್ನುತ್ತಾರೆ. ಹೆಸರಿಲ್ಲದವರಿಗೆ ಮೀಸಲಾದ ಪದವನ್ನು ನಾನು ಒಂದು ಹೆಸರಿನ ಪಕ್ಕದಲ್ಲಿ ಇಟ್ಟೆ. ಅಲ್ಲದೆ ಹೊಣೆಗೇಡಿ, ನಾಚಿಕೆಗೇಡಿ, ಮತಿಗೇಡಿ ಎಂದಾಗ ವ್ಯಕ್ತಿ ತನ್ನಲ್ಲಿರಬೇಕಾದದ್ದನ್ನು ಕೆಡಿಸಿಕೊಂಡಿರುತ್ತಾನೆ. ಕಿಡಿಗೇಡಿ ಎಂದಾಗ ಮಾತ್ರ ಕೇಡು ಇತರರಿಗೆ, ಅದೂ ಬೇಕೆಂದೇ ಮಾಡಿದ್ದು. ಆ ಉದ್ದೇಶವನ್ನು ರುಜುವಾತುಪಡಿಸುವ ಭಾರ ನನ್ನ ತಲೆಯ ಮೇಲೆ ಬಂತು. ತಿದ್ದುಪಡಿಯನ್ನು ನಾನು ತೋರಿಸಬಲ್ಲವನಾಗಿದ್ದೆ, ಮನಸ್ಸಿನೊಳಗಿನ ಉದ್ದೇಶವನ್ನು ತೋರಿಸಬಲ್ಲವನಾಗಿರಲಿಲ್ಲ.

‘ತಂಟೆಕೋರ’ ಸೌಮ್ಯವೆಂದು ನಿಮಗೆ ಅನ್ನಿಸಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಲಂಚಕೋರ, ದಂಗೆಕೋರ, ಚಾಡಿಕೋರ ಎಂಬ ಪದಗಳ ಕೊನೆಗೆ ಬರುವ ‘ಕೋರ’, ಫಾರ್ಸಿಯಿಂದ ಬಂದ ಪ್ರತ್ಯಯ. ಒಮ್ಮೆ ಮಾಡಿದವನನ್ನಲ್ಲ, ಅದನ್ನೇ ಚಾಳಿಯಾಗಿಸಿಕೊಂಡವನನ್ನು ಅದು ಸೂಚಿಸುತ್ತದೆ. ‘ನನ್ನ ತಂಟೆಗೆ ಬರಬೇಡ’ ಎಂದರೆ ಒಂದು ಸಂದರ್ಭದ ಮಾತು, ತಂಟೆಕೋರ ಎಂದರೆ ಇಡೀ ಮನುಷ್ಯನ ಮೇಲಿನ ತೀರ್ಪು. ತರಲೆ, ಕಿತಾಪತಿ ಎಂಬವು ಸಲುಗೆ ಇರುವಲ್ಲಿ ಮಾತ್ರ ಒಪ್ಪುತ್ತವೆ, ತುಂಟ ಎನ್ನುವುದು ಮಕ್ಕಳಿಗೆ ಪ್ರೀತಿಯಿಂದ ಹೇಳುವ ಮಾತು. ‘ಪುಂಡ’ ಇನ್ನೂ ವಿಚಿತ್ರ: ಬೀದಿಯಲ್ಲಿ ಅದು ಬೈಗುಳವಾದರೂ ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನರಂಥ ತರುಣ ವೀರರ ಪಾತ್ರಗಳಿಗೆ ‘ಪುಂಡುವೇಷ’ ಎನ್ನುತ್ತಾರೆ. ಗೂಂಡಾ, ರೌಡಿ ಎಂಬ ಪದಗಳ ಹತ್ತಿರವೂ ಹೋಗಬೇಡಿ. ಕರ್ನಾಟಕದಲ್ಲಿ ಜನ ‘ಗೂಂಡಾ ಕಾಯ್ದೆ’ ಎಂದು ಕರೆಯುವ 1985ರ ಕಾನೂನು ವ್ಯಕ್ತಿಯನ್ನು ಮುಂಜಾಗ್ರತೆಯಾಗಿ ಬಂಧನದಲ್ಲಿಡಲು ಅವಕಾಶ ಕೊಡುತ್ತದೆ, ರೌಡಿ ಎಂದರೆ ಪೊಲೀಸ್ ಠಾಣೆಯ ಪಟ್ಟಿಯೇ ನೆನಪಾಗುತ್ತದೆ.

ಕಾನೂನಿನ ಮಾತು ಬಂದದ್ದರಿಂದ ಇದೊಂದನ್ನು ಹೇಳುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯನ್ನು ಅಪರಾಧವೆನ್ನುತ್ತದೆಯಾದರೂ, ಅಧಿಕಾರವುಳ್ಳವರಿಗೆ ಸದುದ್ದೇಶದಿಂದ ಸಲ್ಲಿಸುವ ದೂರಿಗೆ ಅದರಲ್ಲಿ ವಿನಾಯಿತಿಯಿದೆ. ಬೈಗುಳ ಸೇರಿದ ಪತ್ರ ಸದುದ್ದೇಶದ್ದೆಂದು ನಂಬಿಸುವುದು ಕಷ್ಟ.

ಆದ್ದರಿಂದ ಯಾವ ಪದ ಸರಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೂರುಪತ್ರಕ್ಕೆ ಬೇಕಾದದ್ದು ನಾಮಪದವಲ್ಲ, ಕ್ರಿಯಾಪದ. ‘ಇಂಥ ದಿನ ನಾನು ಸಲ್ಲಿಸಿದ ವರದಿಯ ಈ ಸಾಲನ್ನು ಇವರು ಬದಲಿಸಿದರು, ನನಗೆ ತಿಳಿಸಲಿಲ್ಲ, ಎರಡೂ ಪ್ರತಿಗಳು ಲಗತ್ತಿಸಿವೆ’ ಎಂದು ಬರೆದು ನಿಲ್ಲಿಸಿ. ಅವರನ್ನು ಏನೆಂದು ಕರೆಯಬೇಕೆನ್ನುವುದನ್ನು ಓದುವವರಿಗೆ ಬಿಡಿ. ಕಳುಹಿಸುವ ಮೊದಲು ಕೊನೆಯ ಪ್ಯಾರಾವನ್ನು ಮತ್ತೊಮ್ಮೆ ಓದಿ. ನೀವು ಕೋಪವನ್ನು ಅದುಮಿಟ್ಟು ಬರೆದಿದ್ದರೆ, ಅದು ಹೊರಬರುವುದು ಅಲ್ಲಿಯೇ.