ಗೊತ್ತಿಲ್ಲ ಅಂತ ಸಾಕ್ಷಿ ಹೇಳಬಹುದಾ?

ವಯಸ್ಸು, ಕೆಲಸ ಎಲ್ಲಾ ಬದಲಿ ಮಾಡೀನಿ, ಹುಡುಗನ ಒಪ್ಪಿಗಿ ತಗೊಂಡೇ ಬರೀತಿದ್ದೀನಿ. ಮನಸ್ಸಿನ ಸಂಕಟ ಹೇಳ್ಕೊಂಡು ಸಲಹೆ ಕೇಳಾಕ ಮಂದಿ ನನ್ನ ಹತ್ರ ಬರ್ತಾರ, ಇಂಥಾದ್ದು ಬಂದಿದ್ದು ಇದು ಮೂರನೇದು, ಅದಕ್ಕ ಬರೀಬೇಕು ಅನ್ನಿಸ್ತು.

ಬಳ್ಳಾರಿ ಹುಡುಗ, ಜೀನ್ಸ್ ಯೂನಿಟ್‌ನ್ಯಾಗ ಕಟಿಂಗ್ ಮಾಸ್ಟರ್. ಅವರ ಚರ್ಚಿನ ಸಭೆಯವ್ರು ಕಾಣಿಕೆ ಕೂಡಿಸಿ ಆರು ಮಂದಿ ಟೀಮ್ ಮಾಡಿ ಒಂದು ತಿಂಗಳು ನೇಪಾಳದ ಗುಡ್ಡದ ಹಳ್ಳಿಗಳಿಗೆ ಸುವಾರ್ತೆ ಸೇವೆಗೆ ಕಳಿಸಿದ್ರು. ಗೋರಖ್‌ಪುರದ ತನಕ ರೈಲು, ಸುನೌಲಿ ಗಡಿ ದಾಟಿ ಬಸ್ಸು, ಆಮೇಲೆ ಜೀಪು, ಜೀಪೂ ಹೋಗದ ಕಡೆ ಎರಡು ದಿನ ನಡಿಗೆ. ಬಂದು ಎರಡು ತಿಂಗಳಾದ್ರೂ ನಿದ್ದಿ ಇಲ್ಲ, ಊಟ ಸೇರವಲ್ದು, ಭಾನುವಾರ ಬಂತಂದ್ರ ಹೊಟ್ಟಿನೋವು. "ಗುಡ್ಡದಾಗ ಏನೋ ಸೋಕೈತ್ರಿ ಮೇಡಂ" ಅಂತ ಅವ್ವ ಕರ್ಕೊಂಡು ಬಂದಿದ್ಲು.

ಮೊದಲ ಎರಡು ಸಲ ಬರೀ ಊರಿನ ಸುದ್ದಿ. ಅಲ್ಲಿ ವಾರದ ರಜಾ ಶನಿವಾರ ಅಂತ, ಅದಕ್ಕ ಆರಾಧನೆನೂ ಶನಿವಾರ, ಬೆಳಿಗ್ಗೆ ಎದ್ರ ಕೊಡದಾಗಿನ ನೀರು ಮ್ಯಾಲೆ ಗಟ್ಟಿ ಆಗಿರ್ತಿತ್ತಂತ. ನಾನು ಇದು ಪೊಲೀಸರ ಭಯ ಇರಬೇಕು ಅಂದ್ಕೊಂಡಿದ್ದೆ. ಯಾಕಂದ್ರ ನೇಪಾಳದ ಕ್ರಿಮಿನಲ್ ಕೋಡ್‌ನ್ಯಾಗ, 2018ರ ಆಗಸ್ಟ್‌ನಿಂದ ಜಾರಿ ಇರೋದು, 158ನೇ ಕಲಂ ಪ್ರಕಾರ ಮತಾಂತರ ಮಾಡಿಸಿದ್ರ 5 ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ, ಹೊರದೇಶದವ್ರಾದ್ರ ಶಿಕ್ಷೆ ಮುಗಿದ ಮ್ಯಾಲೆ 7 ದಿನದಾಗ ದೇಶದಿಂದ ಹೊರಗ. ನಮ್ಮವ್ರಿಗೆ ಅಲ್ಲಿ ವೀಸಾ ಬೇಕಾಗಂಗಿಲ್ಲ, ಹಂಗಾಗಿ ಕಾನೂನೂ ಇಲ್ಲ ಅಂದ್ಕೊಂಡು ಹೋಗ್ತಾರ. "ಯಾರಾರ ಕೇಳಿದ್ರ ಟ್ರೆಕಿಂಗ್ ಅನ್ರಿ" ಅಂತ ಲೀಡರ್ ಹೇಳಿಕೊಟ್ಟಿದ್ರಂತ. ಆದ್ರ ಅವನ ಸಂಕಟ ಅದಲ್ಲ.

ಮೂರನೇ ಸಲ ಜೇಬಿನಿಂದ ನಾಕು ಮಡಿಕಿ ಮಾಡಿದ ಒಂದು ಹಾಳಿ ತೆಗ್ದ. ಸಭೆಯಾಗ ಹೇಳಬೇಕಾದ ಸಾಕ್ಷಿ, ಅಂದ್ರ ದೇವರು ಏನು ಮಾಡಿದ ಅಂತ ಎಲ್ಲಾರ ಮುಂದ ಎದ್ದು ನಿಂತು ಹೇಳೋದು, ಲೀಡರ್ ತಿದ್ದಿ ಕೊಟ್ಟಿದ್ದು. ಓದಪ್ಪ ಅಂದೆ. ಚೊಲೋ ಓದ್ಕೊಂತ ಬಂದ, "ಕೈ ಇಟ್ಟು ಪ್ರಾರ್ಥಿಸಿದಾಗ ಆ ಮಗುವು ಗುಣವಾಯಿತು" ಅನ್ನೋ ಸಾಲಿಗೆ ಬಂದು ನಿಂತ. ಮತ್ತ ಓದಿದ, ಮತ್ತ ಅಲ್ಲೇ ನಿಂತ. ಮಾರ್ಕಿಂಗ್ ಚಾಕ್ ಹಿಡಿದು ಹಿಡಿದು ನೀಲಿ ಆಗಿದ್ದ ಹೆಬ್ಬಟ್ಟಿನಿಂದ ಆ ಸಾಲು ತಿಕ್ಕಾಕತ್ತಿದ್ದ, ಅಳಿಸಿ ಹೋಗ್ತೈತೇನೋ ಅನ್ನೋ ಹಂಗ.

"ಒಂದೂವರಿ ವರ್ಷದ್ದು ಮೇಡಂ. ಉಸಿರು ತಗೊಂಡಾಗ ಎದಿ ಒಳಗ ಒಳಗ ಹೋಗ್ತಿತ್ತು. ನಾವು ಪ್ರಾರ್ಥನೆ ಮಾಡಿದ್ವಿ, ಬೆಳಗಾಗಾಣ ಅವರಪ್ಪ ಡೋಕೋ ಅಂತಾರ, ಬಿದಿರು ಬುಟ್ಟಿ, ಅದರಾಗ ಕೂಸಿನ್ನ ಕುಂದ್ರಿಸಿ ಹಣಿಗೆ ಪಟ್ಟಿ ಹಾಕ್ಕೊಂಡು ಆಸ್ಪತ್ರಿಗೆ ಅಂತ ಕೆಳಗ ಇಳಿದ. ನಾವು ಮುಂದಿನ ಊರಿಗೆ ಹೋದ್ವಿ. ಅದು ಬದುಕೈತೋ ಇಲ್ಲೋ ನನಗ ಗೊತ್ತೇ ಇಲ್ಲ."

ನಾನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳ್ದ, "ಗೊತ್ತಿಲ್ಲ ಅಂತ ಸಾಕ್ಷಿ ಹೇಳಬಹುದಾ ಮೇಡಂ? ಮಂದಿ ರೊಕ್ಕ ಕೊಟ್ಟಾರ."

ನೋಡ್ರಿ, ಇಲ್ಲೈತಿ ಗಂಟು. ಕಾಣಿಕೆ ಕೊಟ್ಟವ್ರಿಗೆ ಒಂದು ಪವಾಡ ತಂದುಕೊಡಬೇಕು ಅನ್ನೋ ಸಾಲ ಅವನ ತಲಿ ಮ್ಯಾಲೆ ಕುಂತಿತ್ತು. ನಾನಂದೆ, ನಿಮ್ಮ ಹತ್ತು ಆಜ್ಞೆಯೊಳಗ ಸುಳ್ಳುಸಾಕ್ಷಿ ಹೇಳಬ್ಯಾಡ ಅಂತ ಒಂದು ಐತಲ್ಲಪ್ಪ, ಕಣ್ಣಿಲೆ ನೋಡಿದ್ದಷ್ಟೇ ಹೇಳು, ಅಷ್ಟು ಹೇಳಾಕ ಬಿಡಲ್ಲ ಅಂದ್ರ ಎದ್ದು ನಿಲ್ಲಬ್ಯಾಡ. ಅದಕ್ಕೂ ಮೊದಲು ಪಾಸ್ಟರ್ ಅಯ್ಯನೋರ ಹತ್ರ ಒಬ್ಬನೇ ಹೋಗಿ ಈ ಹಾಳಿ ಇಟ್ಟು ಮಾತಾಡು. ಆ ಊರಿಗೆ ಜೋಡಿ ಬಂದಿದ್ದ ದುಭಾಷಿಗೆ ಫೋನ್ ಹಚ್ಚಿ ಕೂಸಿನ ಸುದ್ದಿ ಕೇಳು, ಸುದ್ದಿ ಕೆಟ್ಟದಿದ್ರ ಅವತ್ತೇ ನನ್ನ ಹತ್ರ ಬಾ. ತಿಂಗಳಾ ಪಗಾರದಾಗ ಅರ್ಧ ಅಲ್ಲಿಗೆ ಕಳಿಸ್ತೀನಿ ಅಂತಿದ್ದ, ಅದು ಬ್ಯಾಡ ಅಂದೆ, ತಂಗಿ ಫೀಸ್ ಯಾರು ಕಟ್ಟಬೇಕು?

ಇದಕ್ಕ ಲೀಡರ್ ನನಗ ಫೋನ್ ಮಾಡಿ, ನೀವು ನಮ್ಮವ್ರಲ್ಲ, ವಿಶ್ವಾಸ ಒಡೀತಿದ್ದೀರಿ ಅಂದ್ರು. ನಮ್ಮವ್ರಲ್ಲ ಅನ್ನೋದು ಖರೆ. ನಮ್ಮ ಮನ್ಯಾಗ ಯುಗಾದಿಗೆ ಶ್ರೀಶೈಲಕ್ಕ ಪಾದಯಾತ್ರಿ ಹೋಗ್ತಾರ, ಬಂದವ್ರು ಕಾಲಿನ ಬೊಬ್ಬಿ ಎಲ್ಲಾರಿಗೂ ತೋರಿಸ್ತಾರ, ನಡುವ ಲಾರಿ ಹತ್ತಿದ್ದು ಒಬ್ರೂ ಹೇಳಂಗಿಲ್ಲ! ಅದಕ್ಕ ಇದು ಯಾವ ಧರ್ಮದ್ದೂ ಜಗಳ ಅಲ್ಲ. ಇದೇ ಬಳ್ಳಾರಿಗೆ 1810ರಾಗ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದ, ಕನ್ನಡ ಕಲ್ತು ಬೈಬಲ್ ಪೂರ್ತಿ ಕನ್ನಡಕ್ಕ ಬರೋದ್ರಾಗ ಇಪ್ಪತ್ತು ವರ್ಷ ಹಿಡೀತು. ಮೂವತ್ತು ನೇಪಾಳಿ ಮಾತು ಕಲ್ತು ಮೂವತ್ತು ದಿನಕ್ಕ ಹೋದವ್ನ ಕಡಿಂದ ಪವಾಡದ ಲೆಕ್ಕ ಕೇಳಿದ್ರ ಹುಡುಗ ಎಲ್ಲಿಂದ ತರಬೇಕು? ಕಳಿಸೋದಾದ್ರ ಉಸಿರು ಎಣಿಸೋದಾದ್ರೂ ಕಲಿಸಿ ಕಳಿಸ್ರಿ ಅಂದೆ. ಒಂದರಿಂದ ಐದು ವರ್ಷದ ಮಕ್ಕಳು ಕೆಮ್ಮು ಇದ್ದು ನಿಮಿಷಕ್ಕ 40 ಅಥವಾ ಜಾಸ್ತಿ ಉಸಿರಾಡಿದ್ರ ನ್ಯುಮೋನಿಯಾ ಇರಬಹುದು, ಎದಿ ಒಳಗ ಹೋಗೋದೂ ಅದರದ್ದೇ ಗುರುತು, ಆ ರಾತ್ರಿನೇ ಕೆಳಗ ಕರ್ಕೊಂಡು ಹೋಗಬೇಕಿತ್ತು. ಈ ಮಾತು ಹುಡುಗನ ಮುಂದ ನಾ ಆಡಿಲ್ಲ, ಲೀಡರಿಗೆ ಮಾತ್ರ ಹೇಳೀನಿ. ಈಗ ಹುಡುಗನೂ ಇದನ್ನ ಓದ್ತಾನ, ಅದಕ್ಕ ಬರಿಯೋಕ್ಕಿಂತ ಮೊದ್ಲು ಕರೆಸಿ ಕುಂದ್ರಿಸಿ ಹೇಳ್ದೆ. "ಗೊತ್ತಿತ್ರಿ" ಅಂದ, ಅಷ್ಟೇ.

ಹೋದ ತಿಂಗಳು ಸಾಕ್ಷಿ ಹೇಳ್ದನಂತ, ಎರಡೇ ನಿಮಿಷ. ಕೂಸು ಬುಟ್ಟಿಯಾಗ ಇಳಿದು ಹೋಯ್ತು, ಮುಂದಿಂದು ಗೊತ್ತಿಲ್ಲ, ಅದಕ್ಕೋಸ್ಕರ ಪ್ರಾರ್ಥನೆ ಮಾಡ್ರಿ ಅಂದು ಕುಂತನಂತ. ಸ್ತೋತ್ರ ಅಂತ ಯಾರೂ ಕೂಗಲಿಲ್ಲ. ಹೊರಗ ಚಪ್ಪಲಿ ಹಾಕ್ಕೊಳ್ಳಾಗ ಕಾಣಿಕೆ ಕೊಟ್ಟಿದ್ದ ಒಬ್ಬ ಅಜ್ಜಿ ಬಂದು, ಕೂಸಿನ ಹೆಸರೇನಪ್ಪ ಅಂತ ಕೇಳಿದ್ಲಂತ. ಹೆಸರು ಅವನಿಗೆ ಗೊತ್ತಿತ್ತು, ಹೇಳ್ದ.

ಈಗ ನಾಕೈದು ತಾಸು ನಿದ್ದಿ ಬರ್ತೈತಿ. ದುಭಾಷಿ ಫೋನ್ ಇನ್ನೂ ಹತ್ತಿಲ್ಲ, ದಿನಾ ಊಟದ ಬ್ರೇಕ್‌ನ್ಯಾಗ ಒಮ್ಮೆ ಹಚ್ಚಿ ನೋಡ್ತಾನ.