ದುರಂತದ ಸುದ್ದಿ ನೋಡಿದಾಗಿನಿಂದ ಓದೋಕೆ ಆಗ್ತಿಲ್ಲ. ನನಗೆ 17 ವರ್ಷ. ಓದು ಬದಿಗಿಟ್ಟು ಬಟ್ಟೆಬರೆ ಸಂಗ್ರಹಿಸೋಕೆ ಹೋಗಲಾ?

ನಿನ್ನ ವಯಸ್ಸಲ್ಲಿ ನಾನೂ ಹೀಗೇ ಒದ್ದಾಡಿದ್ದೆ. ಆಗ ಬಂದಿದ್ದು ಸುನಾಮಿ. 2004ರ ಡಿಸೆಂಬರ್ 26, ಭಾನುವಾರ. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ. ನಾನು ಸೆಕೆಂಡ್ ಪಿಯುಸಿ. ಟಿವಿಯಲ್ಲಿ ಹೆಣಗಳ ಸಾಲು ನೋಡಿ ಬಂದು ಪುಸ್ತಕ ತೆರೆದರೆ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಓದುತ್ತಾ ಕೂರುವುದೇ ಪಾಪ ಅನ್ನಿಸುತ್ತಿತ್ತು.

ಗೆಳೆಯರನ್ನು ಕಟ್ಟಿಕೊಂಡು ಮನೆಮನೆಗೂ ಹೋಗಿ ಬಟ್ಟೆ, ಚಂದಾ ಎರಡೂ ಎತ್ತಿದೆ. ಸಂಕ್ರಾಂತಿ ಹತ್ತಿರ ಇತ್ತು, ಮನೆ ಸ್ವಚ್ಛ ಮಾಡುವ ಹೊತ್ತು. ಬೀರುವಿನಲ್ಲಿ ಬೇಡವಾಗಿದ್ದದ್ದೆಲ್ಲ ನಮ್ಮ ಮೂಟೆಗೆ ಬಂತು. ನಾನು ಬಿಚ್ಚಿಯೂ ನೋಡಲಿಲ್ಲ. ಬಡಾವಣೆಯ ಹಿರಿಯರ ಜೊತೆ ಲಾರಿ ಹತ್ತಿ ಹೊರಟೇಬಿಟ್ಟೆ.

ಅಲ್ಲಿ ಹೋಗಿ ನೋಡಿದರೆ ರಸ್ತೆ ಪಕ್ಕದಲ್ಲಿ ಬಟ್ಟೆಯ ರಾಶಿ ರಾಶಿ. ಎಲ್ಲೆಲ್ಲಿಂದಲೋ ಬಂದ ಹಳೇ ಬಟ್ಟೆ, ಮುಟ್ಟುವವರಿಲ್ಲದೆ ಬಿದ್ದಿತ್ತು. ಮೀನುಗಾರರು ತಮ್ಮ ದೋಣಿ, ಬಲೆ ಕಳಕೊಂಡವರು, ಕೈಚಾಚಿ ಬದುಕಿದವರಲ್ಲ. ನಮ್ಮ ಮೂಟೆ ಬಿಚ್ಚಿದಾಗ ಒಬ್ಬ ಹೆಂಗಸು ಮೇಲಿದ್ದ ಉಣ್ಣೆ ಸ್ವೆಟರ್ ಎತ್ತಿಕೊಂಡರು. ಮೊಣಕೈ ಹತ್ತಿರ ತೂತು. ಅದನ್ನು ನೀಟಾಗಿ ಮಡಚಿ ವಾಪಸ್ ಇಟ್ಟು, ಅನ್ನ ಬೇಯಿಸೋಕೆ ಪಾತ್ರೆ ಇದೆಯಾ ಅಂತ ಕೇಳಿದರು. ಇರಲಿಲ್ಲ. ಕೊಳ್ಳೋಣ ಅಂದರೆ ದುಡ್ಡೂ ಇರಲಿಲ್ಲ, ಚಂದಾ ಪೂರ್ತಿ ಲಾರಿ ಬಾಡಿಗೆ, ಡೀಸೆಲ್‌ಗೆ ಹೋಗಿತ್ತು.

ನಾನು ಎಡವಿದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಹಳೇ ಬಟ್ಟೆ ಒಯ್ದದ್ದು ಆಮೇಲಿನ ಮಾತು. ಅಲ್ಲಿರುವವರಿಗೆ ಏನು ಬೇಕು ಅಂತ ಹೊರಡುವ ಮೊದಲು ಯಾರನ್ನೂ ಕೇಳಲಿಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕೇಳಿದ್ದರೆ ಬೇಡ ಅಂದುಬಿಟ್ಟಾರು, ಆಗ ನಾನು ಮತ್ತೆ ಟಿವಿ ಮುಂದೆ ಕೂರಬೇಕಾದೀತು ಅನ್ನೋ ಭಯ ಒಳಗೆಲ್ಲೋ ಇತ್ತು. ನನ್ನ ಸಂಕಟ ಇಳಿಸಿಕೊಳ್ಳೋಕೆ ಲಾರಿ ಹೊರಡಲೇಬೇಕಿತ್ತು, ಹೊರಡಿಸಿದೆ. ಆ ಬಾಡಿಗೆ ದುಡ್ಡಲ್ಲಿ ಎಷ್ಟು ಮನೆಗೆ ಪಾತ್ರೆ, ಸ್ಟವ್ ಬರುತ್ತಿತ್ತು ಅನ್ನೋ ಲೆಕ್ಕ ಇವತ್ತಿಗೂ ತಲೆಯಲ್ಲಿ ಓಡುತ್ತೆ.

ಹಾಗಾಗಿ ಓದಲಾ, ಸಹಾಯ ಮಾಡಲಾ ಅನ್ನೋ ನಿನ್ನ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನೀನು ಓದು ಬಿಟ್ಟರೆ ಅಲ್ಲಿ ಯಾರಿಗೂ ಒಂದು ತುತ್ತು ಹೆಚ್ಚು ಸಿಗಲ್ಲ. ಅಳು ಬಂದರೆ ಅಳು, ಅದಕ್ಕೆ ನಾಚಬೇಡ. ಆದರೆ ಅದೇ ದೃಶ್ಯಗಳನ್ನು ರಾತ್ರಿಯಿಡೀ ಮೊಬೈಲಲ್ಲಿ ನೋಡೋದನ್ನು ನಿಲ್ಲಿಸು. ನೋಡಿದಷ್ಟೂ ಅವರ ನೋವು ಕಮ್ಮಿಯಾಗಲ್ಲ, ನಿನ್ನ ನಿದ್ದೆ ಕೆಡುತ್ತೆ ಅಷ್ಟೇ. ರಕ್ತ ಕೊಡೋಣ ಅಂದರೆ ನಿನಗಿನ್ನೂ 18 ಆಗಿಲ್ಲ, ತಗೊಳ್ಳಲ್ಲ.

ಗೆಳೆಯರೆಲ್ಲ ಸೇರಿ ಕೈಲಾದಷ್ಟು ದುಡ್ಡು ಹಾಕಿ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಖಾತೆ ನಂಬರನ್ನು ಸರ್ಕಾರದ ವೆಬ್‌ಸೈಟಿಂದಲೇ ತಗೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ, ಇಂಥ ಹೊತ್ತಲ್ಲೇ ಮೋಸ ಮಾಡುವವರಿದ್ದಾರೆ. ವಸ್ತುವೇ ಕಳಿಸಬೇಕು ಅಂತಿದ್ದರೆ ಮೊದಲು ಅಲ್ಲಿನ ಜಿಲ್ಲಾಧಿಕಾರಿ ಕಚೇರಿಗೆ ಫೋನ್ ಮಾಡಿ ಕೇಳಿ. ಅವರು ಹೇಳಿದ್ದನ್ನು ಮಾತ್ರ, ಹೊಸದನ್ನೇ ಕಳಿಸಿ. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಸಲ ಫೋನ್ ಮಾಡು. ಅಷ್ಟೊತ್ತಿಗೆ ಕ್ಯಾಮೆರಾಗಳೆಲ್ಲ ಹೊರಟುಹೋಗಿರುತ್ತವೆ, ಶಾಲೆ ಮಕ್ಕಳಿಗೆ ಪುಸ್ತಕ ಬ್ಯಾಗು ಬೇಕಾಗಿರುತ್ತೆ.